ಅಂಚು ಬಿಟ್ಟ ಚಿತ್ರಗಳು

ಮೊನ್ನೆ ಕಪಾಟಿನ ಕೆಳಗಿನ ಖಾನೆ ತೆಗೆದು ಜೋಡಿಸುವಾಗ ಕಣ್ಣಿಗೆ ಹಾಕುವ ಔಷಧಿಯ ಸಣ್ಣ ಪ್ಲಾಸ್ಟಿಕ್ ಬಾಟಲಿಯೊಂದು ಸಿಕ್ಕಿತು. ಹೆಬ್ಬೆರಳಿನಷ್ಟು ಗಾತ್ರ, ಮೇಲಿನ ಚೀಟಿ ಅಳಿಸಿಹೋಗಿದೆ. ನಮ್ಮ ಮನೆಯಲ್ಲಿ ಕಣ್ಣಿಗೆ ಔಷಧಿ ಹಾಕಿಕೊಳ್ಳುವವರು ಯಾರೂ ಇಲ್ಲ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವವನು ನಾನೊಬ್ಬನಿದ್ದೇನೆ, ಆದರೆ ಅದಕ್ಕೆ ಇನ್ನೂ ಔಷಧಿ ಬಂದಿಲ್ಲ. ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದೆ. ಹಳೆಯ ಅಗಸೆ ಎಣ್ಣೆಯ ವಾಸನೆ. ಅದರ ಬೆನ್ನಿಗೇ, ಕರೆಯದಿದ್ದರೂ, ಮಂಡಕ್ಕಿ ಹುರಿಯುವ ಬಿಸಿ ಮರಳಿನ ವಾಸನೆಯೂ ಬಂದಂತಾಯಿತು... ಅದು ಬಾಟಲಿಯಲ್ಲಿ ಇದ್ದದ್ದಲ್ಲ, ನನ್ನೊಳಗೇ ಎಲ್ಲೋ ಇದ್ದದ್ದು.

ಬಾಟಲಿ ನಮ್ಮ ಡ್ರಾಯಿಂಗ್ ಮೇಷ್ಟ್ರದು. ಅವರು ಕೊಟ್ಟೂರಿನ ಹೈಸ್ಕೂಲಿನಲ್ಲಿ ಚಿತ್ರ ಕಲಿಸುತ್ತಿದ್ದರು. ನಾನು ಆ ಶಾಲೆಯಲ್ಲಿ ಓದಿದವನಲ್ಲ. ಹರಪನಹಳ್ಳಿಯಲ್ಲಿ ಸರ್ವೆ ಕಚೇರಿಯಲ್ಲಿ ಕೂತು ಜನರ ಹೊಲಗಳ ನಕ್ಷೆ ಬರೆಯುತ್ತಿದ್ದವನು. ಆದರೂ ಅವರನ್ನು ‘ನಮ್ಮ ಮೇಷ್ಟ್ರು’ ಎನ್ನುವ ಹಕ್ಕು ನನಗಿದೆ. ಹಾಗೆಯೇ ಅವರ ವಿಷಯದಲ್ಲಿ ನಡೆದದ್ದರಲ್ಲಿ ಒಂದು ಪಾಲೂ ಇದೆ. ಅವರ ಕಣ್ಣು ಹೋಗುತ್ತಿತ್ತು. ನಾವು ಅದನ್ನು ಶೈಲಿ ಎಂದು ಕರೆದೆವು. ಹೇಳಬೇಕಾದ್ದು ಇಷ್ಟೇ, ಉಳಿದದ್ದು ವಿವರ.

ತೊಂಬತ್ತರ ದಶಕದ ನಡುವಿನಲ್ಲಿ ಕೊಟ್ಟೂರಿನಲ್ಲಿ ನಮ್ಮದೊಂದು ಚಿತ್ರಶಾಲೆ ಇತ್ತು. ಮಂಡಕ್ಕಿ ಭಟ್ಟಿಯ ಮೇಲಿನ ಉದ್ದನೆಯ ಕೋಣೆ. ಭಟ್ಟಿಯ ಸಾಹುಕಾರರು ಖಾಲಿ ಚೀಲ ಒಟ್ಟುತ್ತಿದ್ದ ಜಾಗ. ಅವರ ಮಗನಿಗೆ ಮೇಷ್ಟ್ರು ಡ್ರಾಯಿಂಗ್ ಕಲಿಸಲು ವರ್ಷಗಟ್ಟಲೆ ಹೆಣಗಿದ್ದರಂತೆ, ಆ ಪಶ್ಚಾತ್ತಾಪಕ್ಕೋ ಏನೋ ಕೋಣೆ ಬಿಟ್ಟುಕೊಟ್ಟಿದ್ದರು. ಕೆಳಗೆ ಒಲೆ ಉರಿದಾಗ ಮೇಲೆ ನೆಲ ಬೆಚ್ಚಗಾಗುತ್ತಿತ್ತು. ಬೇರೆ ಊರಿನ ಕಲಾವಿದರಿಗೆ ಎಣ್ಣೆಬಣ್ಣ ಒಣಗಲು ವಾರಗಟ್ಟಲೆ ಬೇಕು, ನಮಗೆ ಒಂದೆರಡು ದಿನ ಸಾಕು. ಆದರೆ ಕಿಟಕಿಯಿಂದ ಬಂದ ಹೊಗೆ ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಹೀಗಾಗಿ ಸುತ್ತಲಿನ ತಾಲೂಕುಗಳಿಂದ ನಾವು ಬಿಡಿಸಿ ತಂದ ಆಕಾಶಗಳೆಲ್ಲ ತುಸು ಮಸಿ ಹಿಡಿದಿದ್ದವು. ಬಾಗಿಲ ಮೇಲೆ ‘ಚಿತ್ರಶಾಲೆ, ಪ್ರವೇಶ ಉಚಿತ’ ಎಂದು ಬಹಳ ಅಂದವಾಗಿ ಬರೆಸಿದ್ದೆವು. ಆ ಔದಾರ್ಯವನ್ನು ಯಾರೂ ದುರುಪಯೋಗ ಮಾಡಿಕೊಳ್ಳಲಿಲ್ಲ. ಸಾಹುಕಾರರ ಬೆಕ್ಕು ಮಾತ್ರ ಆಗಾಗ ಬಂದು ನೋಡಿ ಹೋಗುತ್ತಿತ್ತು.

ಆ ಬೋರ್ಡು ಬರೆದವನು ನಮ್ಮವನೇ, ಹಗರಿಬೊಮ್ಮನಹಳ್ಳಿಯ ಬೋರ್ಡ್ ಪೇಂಟರ್. ಅಲ್ಲಿಯ ಅರ್ಧ ಅಂಗಡಿಗಳ ಹೆಸರು ಅವನ ಕೈಯವು. ಹಡಗಲಿಯಿಂದ ಒಬ್ಬ ಅಕ್ಕೋರು ಬರುತ್ತಿದ್ದರು. ಪ್ರೈಮರಿ ಶಾಲೆಯ ಟೀಚರು, ಮಲ್ಲಿಗೆ ತೋಟಗಳನ್ನು ಬಿಟ್ಟು ಬೇರೆ ಏನನ್ನೂ ಬಿಡಿಸುವುದಿಲ್ಲ ಎಂದು ಶಪಥ ಮಾಡಿದವರಂತೆ ಇದ್ದರು. ಕೂಡ್ಲಿಗಿ ಕಡೆಯ ಇನ್ನೊಂದಿಬ್ಬರು ಬಂದು ಹೋಗುವವರು. ಎಲ್ಲರೂ ನಿಸರ್ಗ ಚಿತ್ರದವರೇ. ನಮ್ಮ ಕಡೆಯ ನಿಸರ್ಗವೆಂದರೆ ಬಂಡೆ, ಬಂಡೆಯ ಪಕ್ಕ ಜಾಲಿ, ಜಾಲಿಯ ಆಚೆ ಇನ್ನೊಂದು ಬಂಡೆ. ಅದರಲ್ಲೇ ಸೌಂದರ್ಯ ಕಾಣಬೇಕಾದ್ದರಿಂದ ನಮ್ಮ ಕಣ್ಣುಗಳು ಚುರುಕಾಗಿರುತ್ತವೆ ಎಂದು ನಾವು ನಂಬಿದ್ದೆವು.

ಭಾನುವಾರ ಸೇರುತ್ತಿದ್ದೆವು. ಮೇಷ್ಟ್ರು ಮಾಡಿದ ಕಟ್ಟಳೆಯೊಂದಿತ್ತು. ಹೊಸ ಚಿತ್ರ ತಂದವನು ಅದನ್ನು ಗೋಡೆಗೆ ಮುಖ ಮಾಡಿ ಒರಗಿಸಬೇಕು. ಇನ್ನೊಬ್ಬ ಅದನ್ನು ತಿರುಗಿಸಿ ನೋಡಬೇಕು, ಒಂದು ತಪ್ಪು ಹೇಳಬೇಕು, ಹೇಳಿದ ಮೇಲೆ ಕುಂಚ ತೆಗೆದುಕೊಂಡು ಒಂದೇ ಒಂದು ಗೆರೆಯನ್ನೋ ಚುಕ್ಕೆಯನ್ನೋ ತಾನೇ ಹಾಕಬೇಕು. ಇದಕ್ಕೆ ‘ಕೈ ಹಾಕುವುದು’ ಎನ್ನುತ್ತಿದ್ದೆವು. ಕೈ ಬೀಳದ ಚಿತ್ರ ಮೊಳೆ ಏರುವ ಹಾಗಿಲ್ಲ.

“ತಪ್ಪು ಹೇಳಿ ಎದ್ದು ಹೋಗಾಕ ಇದೇನು ಬಸ್ ಸ್ಟ್ಯಾಂಡೇನ್ರಿ?” ಎನ್ನುತ್ತಿದ್ದರು ಮೇಷ್ಟ್ರು. “ಹೇಳಿದವ ಕೈಯಾಗ ಮಾಡಿ ತೋರಸ್ಬೇಕು. ಕೆಟ್ರ ಇಬ್ರದೂ ಕೆಡ್ಲಿ.”

ನಾನು ಮೊದಲು ತಂದದ್ದು ಬಾಗಳಿಯ ಕಲ್ಲೇಶ್ವರ ಗುಡಿಯ ಹಿಂದಿನ ಹೊಲ. ಬದುಗಳು ದಾರ ಹಿಡಿದಂತೆ ನೆಟ್ಟಗೆ, ಮೂಲೆಗಳು ಸರಿಯಾಗಿ ಕೂಡಿದ್ದವು. ಮೇಷ್ಟ್ರು ತಿರುಗಿಸಿ ನೋಡಿದರು. “ಇದ್ಕ ಸರ್ವೆ ನಂಬರ್ ಒಂದು ಹಾಕಿಬಿಟ್ರ ಖರೀದಿಗೆ ಕೊಡಬೋದು ನೋಡ್ರಿ,” ಅಂದರು. ಬೋರ್ಡ್ ಪೇಂಟರ್ ಬಿದ್ದು ಬಿದ್ದು ನಕ್ಕ. ಮೇಷ್ಟ್ರು ಕಂದು ಬಣ್ಣ ಅದ್ದಿ, ಬದುಗಳನ್ನೆಲ್ಲ ಅಡ್ಡ ದಾಟಿ, ಅಂಕುಡೊಂಕಾಗಿ ಒಂದು ಗೆರೆ ಎಳೆದರು. ಕಾಲುದಾರಿ. “ಹೊಲದಾಗ ಮನುಷ್ಯಾ ನಡದಾನ. ನೀವು ಬಿಟ್ಟಿದ್ರಿ.” ಅಷ್ಟು ವರ್ಷ ಹೊಲಗಳ ಎಲ್ಲೆ ಗುರುತಿಸಿದ ನನಗೆ ಹೊಲ ಮೊದಲ ಸಲ ಕಂಡದ್ದು ಆಗ.

ಮುಂದೆ ಒಂದೆರಡು ವರ್ಷ ಕಳೆದ ಮೇಲೆ ಮೇಷ್ಟ್ರ ಚಿತ್ರಗಳು ಬದಲಾಗತೊಡಗಿದವು. ಬೋರ್ಡಿಗೆ ಬಿಳಿ ಅಸ್ತರ ಬಳಿದು ಅದರ ಮೇಲೆ ಬಿಡಿಸುವುದು ನಮ್ಮ ಪದ್ಧತಿ. ಅವರ ಚಿತ್ರದ ಸುತ್ತ ಆ ಬಿಳಿ ಉಳಿಯತೊಡಗಿತು. ಮೊದಮೊದಲು ಒಂದು ಬೆರಳಿನಷ್ಟು. ಆಮೇಲೆ ನಾಲ್ಕು ಬೆರಳು. ನಡುವೆ ಬಂಡೆ, ಗಿಡ, ನೆರಳು ಎಲ್ಲ ಅಚ್ಚುಕಟ್ಟು, ಹಿಂದಿಗಿಂತ ಮೊನಚು. ಅಂಚಿಗೆ ಬರುತ್ತ ಬಣ್ಣ ತೆಳ್ಳಗಾಗಿ, ನಿಂತೇ ಹೋಗುತ್ತಿತ್ತು. ನಾವು ಆ ಚಿತ್ರಗಳ ಮುಂದೆ ಕೈಕಟ್ಟಿ ನಿಂತೆವು. ಯಾರಿಗೂ ತಿಳಿಯದಿದ್ದರೂ ಎಲ್ಲರೂ ತಿಳಿದವರಂತೆ ತಲೆಯಾಡಿಸಿದೆವು.

ಸಿದ್ಧಾಂತ ಕೊಟ್ಟವರು ಅಕ್ಕೋರು. “ನಡುವಿಂದು ಹೇಳಿದ್ರ ಸುತ್ಲಿಂದು ನೋಡಾವ್ರಿಗೆ ತಾನಾ ತಿಳೀತೈತಿ. ಮೇಷ್ಟ್ರು ಭಾಳ ಮುಂದ ಹೋಗ್ಯಾರ್ರಿ,” ಅಂದರು. ನಮಗೆ ಅದು ಒಪ್ಪಿಗೆಯಾಯಿತು. ಕಟ್ಟಳೆಯ ಪ್ರಕಾರ ಮೇಷ್ಟ್ರ ಚಿತ್ರಕ್ಕೂ ಕೈ ಬೀಳಬೇಕಿತ್ತಲ್ಲ, ನಾವು ಭಯಭಕ್ತಿಯಿಂದ ನಡುವಿನಲ್ಲೇ ಎಲ್ಲೋ ಒಂದು ಹುಲ್ಲಿನ ಎಸಳು ಹಾಕಿ ಹಿಂದೆ ಸರಿಯುತ್ತಿದ್ದೆವು. ಬಿಳಿಯನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಮುಟ್ಟಿದ್ದರೆ ಅವರು ಕೇಳುತ್ತಿದ್ದರು, ಅಲ್ಲಿ ಯಾಕೆ ಎಂದು. ಕೇಳಿದ್ದರೆ...

ಅಷ್ಟೇ ಆಗಿದ್ದರೆ ಸರಿ. ನಾವೂ ಅಂಚು ಬಿಡತೊಡಗಿದೆವು. ಅಕ್ಕೋರ ಮಲ್ಲಿಗೆ ತೋಟಕ್ಕೆ ಬೇಲಿ ಹೋಯಿತು. ಬೋರ್ಡ್ ಪೇಂಟರ್‌ನ ಬೇವಿನ ಸಾಲು ಎರಡೂ ಕಡೆ ತುಂಡಾಯಿತು. ನಾನಂತೂ ಕಚೇರಿಯಲ್ಲಿ ಹಗಲೆಲ್ಲ ಎಲ್ಲೆ ಗುರುತಿಸಿ, ಭಾನುವಾರ ಬಂದು ಎಲ್ಲೆ ಅಳಿಸುವ ದೊಡ್ಡ ತತ್ವಜ್ಞಾನಿಯಾದೆ. ಇಡೀ ಗೋಡೆ ಬಿಳಿ ಅಂಚಿನ ಚಿತ್ರಗಳಿಂದ ತುಂಬಿತು. ಮೇಷ್ಟ್ರು ಒಂದೊಂದರ ಮುಂದೆಯೂ ನಿಂತು, “ಚಲೋ ಐತಿ” ಅನ್ನುತ್ತಿದ್ದರು. ಅವರಿಗೆ ಕಾಣದ್ದನ್ನು ನಾವು ಬಿಡಿಸಲಿಲ್ಲ, ನಾವು ಬಿಡಿಸದ್ದು ಅವರಿಗೆ ಕಾಣಲಿಲ್ಲ. ಇಷ್ಟೊಂದು ಹೊಂದಾಣಿಕೆ ಇದ್ದ ಕಲಾ ಬಳಗ ಜಿಲ್ಲೆಯಲ್ಲಿ ಇನ್ನೊಂದು ಇರಲಿಲ್ಲ.

ಬೇರೆ ಸೂಚನೆಗಳೂ ಇದ್ದವು. ಪಕ್ಕದಲ್ಲಿಟ್ಟ ಚಹಾದ ಲೋಟ ಅವರ ಮೊಣಕೈ ತಗುಲಿ ಉರುಳುತ್ತಿತ್ತು. ಮೆಟ್ಟಿಲು ಹತ್ತುವಾಗ ಎಡಭುಜ ಗೋಡೆಗೆ ಉಜ್ಜಿ ಅಂಗಿಗೆ ಸುಣ್ಣ ಹಿಡಿಯುತ್ತಿತ್ತು. ಒಮ್ಮೆ ಬೋರ್ಡ್ ಪೇಂಟರ್ ಮುಖ ಊದಿಸಿಕೊಂಡು ಬಂದ. “ಮೇಷ್ಟ್ರು ದೊಡ್ಡಾವ್ರಾದ್ರು ಬಿಡ್ರಿ. ಬಗಲಾಗ ನಿಂತು ನಮಸ್ಕಾರ ಹೊಡದ್ರೂ ತಿರುಗಿ ನೋಡ್ಲಿಲ್ಲ.”

“ಧ್ಯಾನದಾಗ ಇರ್ತಾರ. ನಿನ್ನಂಗ ಬೋರ್ಡ್ ಲೆಕ್ಕದಾಗ ಇರ್ತಾರೇನು?” ಎಂದು ಅಕ್ಕೋರು ಅವನನ್ನು ಗದರಿಸಿದರು. ಅವನು ನಾಚಿಕೊಂಡ. ದೊಡ್ಡ ಕಲಾವಿದರಿಗೆ ಮೈಮರೆವು ಇರಬೇಕು ಎಂದು ನಮಗೆ ಗೊತ್ತಿತ್ತು. ನಮ್ಮಲ್ಲಿ ಒಬ್ಬರಿಗಾದರೂ ಅದು ಬಂತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಹೀಗೆ ಎರಡು ವರ್ಷ ಕಳೆದಾಗ ಅಕ್ಕೋರ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಕಾದು ಕೂರುವ ಜನರಿಗೆ ಬೇಸರವಾಗದಿರಲಿ ಎಂದು ಅವರು ನಮ್ಮ ಚಿತ್ರಗಳನ್ನು ಅಲ್ಲಿಯ ವರಾಂಡದಲ್ಲಿ ತೂಗುಹಾಕುವ ಏರ್ಪಾಡು ಮಾಡಿದರು. ಕೊಟ್ಟೂರಿನಿಂದ ಚಿತ್ರಗಳನ್ನು ಮಂಡಕ್ಕಿ ಚೀಲದಲ್ಲಿ ಸುತ್ತಿ, ಬಸ್ಸಿನ ಮೇಲೆ ಕಟ್ಟಿ, ಇಟ್ಟಿಗಿ ಊರಿನ ಮೇಲೆ ಹಾಯ್ದು ಹಡಗಲಿ ಮುಟ್ಟಿಸಿದೆವು. ನಮ್ಮ ಕಲಾಜೀವನದ ಅತಿ ದೊಡ್ಡ ಪ್ರೇಕ್ಷಕ ವರ್ಗ ಅಂದು ನೆರೆದಿತ್ತು. ಅದರಲ್ಲಿ ಬಹಳಷ್ಟು ಜನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದರು ಎಂಬುದು ಸಣ್ಣ ಮಾತು.

ಅಂಥ ಪಟ್ಟಿಯ ಅಜ್ಜಿಯೊಬ್ಬಳು ಅಕ್ಕೋರ ಚಿತ್ರದ ಮುಂದೆ ನಿಂತು ಬಗ್ಗಿ ಬಗ್ಗಿ ನೋಡಿದಳು. “ಯವ್ವಾ, ಬಣ್ಣ ಸಾಲ್ಲಿಲ್ಲೇನು?”

“ಅದು ಶೈಲಿ, ಅಜ್ಜಿ,” ಎಂದರು ಅಕ್ಕೋರು.

“ಹಂಗಂದ್ರ?”

“ಬೇಕಂತ ಬಿಟ್ಟಿದ್ದು.”

“ಬಿಡಾದಿದ್ರ ಸಣ್ಣ ಹಲಗಿ ತರಬಾರದೇನವಾ?” ಎಂದು ಅಜ್ಜಿ ಮುಂದೆ ಹೋದಳು. ಮೇಷ್ಟ್ರು ಪಕ್ಕದಲ್ಲೇ ಇದ್ದರು. ಕೇಳಿಸಿಕೊಂಡು ನಕ್ಕರು. ಆದರೆ ಅಜ್ಜಿ ಯಾವುದನ್ನು ಹೇಳಿದಳೆಂದು ಅವರಿಗೆ ತಿಳಿದಂತೆ ಕಾಣಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಡಾಕ್ಟರು ಕೈ ಒರೆಸಿಕೊಳ್ಳುತ್ತ ವರಾಂಡಕ್ಕೆ ಬಂದರು. ದಾವಣಗೆರೆ ಕಡೆಯವರು, ನಗುಮುಖ. ಸಾಲಾಗಿ ನೋಡುತ್ತ ಬಂದವರು ನಡುವೆ ನಿಂತು, ಮತ್ತೆ ಹಿಂದಕ್ಕೆ ಹೋಗಿ, ಮೊದಲಿನಿಂದ ನೋಡಿದರು. ನಮಗೆ ರೋಮಾಂಚನ. ಕೊನೆಗೂ ಕಲೆ ತಿಳಿದವರೊಬ್ಬರು ಬಂದರು ಎಂದುಕೊಂಡೆವು.

“ಏನ್ರಿ, ನಿಮ್ಮ ಕಡೆ ಎಲ್ಲರಿಗೂ ಒಂದೇ ಕಾಯಿಲೆನಾ?” ಅಂದರು ತಮಾಷೆಗೆ. ನಾವು ನಕ್ಕೆವು. “ಇದನ್ನ ಮೊದಲು ಶುರು ಮಾಡಿದ್ದು ಯಾರು?”

ನಾವೆಲ್ಲ ಒಟ್ಟಿಗೆ, ಮದುಮಗನನ್ನು ತೋರಿಸುವ ಸಡಗರದಲ್ಲಿ ಮೇಷ್ಟ್ರನ್ನು ತೋರಿಸಿದೆವು. ಡಾಕ್ಟರು ಅವರ ಹತ್ತಿರ ಬಂದು ನಿಂತರು. ಆಮೇಲೆ ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕೂರಿಸಿ, “ನನ್ನ ಮೂಗನ್ನೇ ನೋಡ್ತಾ ಇರಿ ಮೇಷ್ಟ್ರೇ,” ಎಂದು ತಮ್ಮ ಕೈಯನ್ನು ಪಕ್ಕಕ್ಕೆ ಚಾಚಿ ಬೆರಳು ಅಲ್ಲಾಡಿಸಿದರು. “ಕಂಡಾಗ ಹೇಳಿ.” ಬೆರಳು ಕಿವಿಯ ಪಕ್ಕದಿಂದ ಕೆನ್ನೆಯ ಕಡೆಗೆ ಬಂತು. ಮೇಷ್ಟ್ರು ವಿಧೇಯ ವಿದ್ಯಾರ್ಥಿಯಂತೆ ಮೂಗು ನೋಡುತ್ತ ಕೂತಿದ್ದರು. ಬೆರಳು ಇನ್ನೂ ಒಳಗೆ ಬಂತು. ನಮಗೆಲ್ಲ ಕಾಣುತ್ತಿತ್ತು. ಬೋರ್ಡ್ ಪೇಂಟರ್ ತಡೆಯಲಾರದೆ, “ಅಲ್ಲೇ ಐತಲ್ರಿ ಸರ್...” ಎಂದ. ಡಾಕ್ಟರು ಅವನತ್ತ ತಿರುಗದೆ ಇನ್ನೊಂದು ಕೈ ಎತ್ತಿ ಸುಮ್ಮನಿರಿಸಿದರು. ಬೆರಳು ಹೆಚ್ಚುಕಡಿಮೆ ಡಾಕ್ಟರ ಮೂಗಿನ ತುದಿಗೇ ಬಂದಾಗ ಮೇಷ್ಟ್ರು, “ಹಾಂ, ಈಗ,” ಅಂದರು.

ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ನೋಡಿದರು. ಹೊರಗೆ ಬಂದು ನಮಗೆ ಹೇಳಿದರು. “ಇದು ಸುತ್ತಿನಿಂದ ಒಳಗೆ ಬರೋ ಕಾಯಿಲೆ. ನೋವಿಲ್ಲ, ಕತ್ತಲೆಯೂ ಕಾಣಲ್ಲ. ಕಾಣದೇ ಇರೋದು ಕಾಣ್ತಾ ಇಲ್ಲ ಅಂತ ಗೊತ್ತಾಗಲ್ಲ. ಹೋಗಿದ್ದು ಬರಲ್ಲ. ಉಳಿದಿದ್ದನ್ನ ಔಷಧಿ ಹಾಕಿ ಎಷ್ಟು ದಿನ ಹಿಡಿದಿಡೋಕಾಗುತ್ತೋ ನೋಡೋಣ.” ಆಮೇಲೆ ಗೋಡೆಯ ಕಡೆ ಕಣ್ಣು ಹಾಯಿಸಿ, ಬೈಯುವ ದನಿಯಲ್ಲಲ್ಲ, ಅಂದರು: “ಎರಡು ವರ್ಷದಿಂದ ಗೋಡೆ ಮೇಲೆ ಬರೆದು ತೋರಿಸಿದ್ದಾರಲ್ರಿ ಇವರು.”

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಕೂತಿದ್ದರು. ಇಟ್ಟಿಗಿ ದಾಟಿದ ಮೇಲೆ ಅವರು ಇಡೀ ಕತ್ತನ್ನು ಹಕ್ಕಿಯಂತೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೊರಳಿಸಿ ನೋಡುತ್ತಿದ್ದರು. ತಮ್ಮಲ್ಲಿ ಎಷ್ಟು ಉಳಿದಿದೆ ಎಂದು ಮೊದಲ ಸಲ ಅಳೆಯುತ್ತಿದ್ದರು. ಅಳತೆ ನನ್ನ ಕಸುಬು, ಆದರೂ ಆ ಅಳತೆ ನನ್ನಿಂದ ನೋಡಲಾಗಲಿಲ್ಲ.

ಮನೆಗೆ ಮುಟ್ಟಿಸಿದಾಗ ಅವರ ಹೆಂಡತಿ, ನಾವು ಅಮ್ಮ ಎನ್ನುತ್ತಿದ್ದೆವು, ಎಲ್ಲ ಕೇಳಿ ಕಂಬಕ್ಕೆ ಒರಗಿ ನಿಂತರು. “ತಾಟಿನ ಬದೀಗೆ ಹಾಕಿದ ಉಪ್ಪಿನಕಾಯಿ ಹಂಗಾ ಬಿಡ್ತಿದ್ರು. ಬಿಪಿಗೆ ಹೆದರಿ ಬಿಟ್ಟಾರ ಅಂದ್ಕೊಂಡು ನಾ ಖುಷಿಪಟ್ಟಿದ್ದೆ,” ಅಂದರು. ಮೇಷ್ಟ್ರು ಕೂತಲ್ಲಿಂದಲೇ, “ಉಪ್ಪಿನಕಾಯಿ ಹಾಕ್ತಿದ್ದೇನು ನೀನು? ಹಾಕಾದು ಬಿಟ್ಟಾಳ ಅಂದ್ಕೊಂಡು ನಾ ಸುಮ್ನಿದ್ದೆ,” ಎಂದರು. ನಗಬೇಕೋ ಬೇಡವೋ ತಿಳಿಯದೆ ನಾವು ಚಪ್ಪಲಿ ಹಾಕಿಕೊಂಡೆವು.

ಮುಂದಿನ ಭಾನುವಾರ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಚಿತ್ರಗಳು ಮರಳಿ ಗೋಡೆ ಏರಿದ್ದವು. ಅವರು ಒಂದೊಂದು ಬೋರ್ಡಿನ ನಾಲ್ಕೂ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಬಣ್ಣ ಇದ್ದಲ್ಲಿ ಒರಟು, ಇಲ್ಲದಲ್ಲಿ ನುಣುಪು. ನನ್ನದು, ಅಕ್ಕೋರದು, ಪೇಂಟರ್‌ನದು... ಎಲ್ಲ ಮುಗಿದ ಮೇಲೆ ತಿರುಗಿದರು.

“ನನಗ ಕಣ್ಣಿಲ್ಲ, ಆತು. ನಿಮಗೆಲ್ಲಾ ಏನಾಗಿತ್ರೋ?”

“ಶೈಲಿ ಅಂದ್ಕೊಂಡ್ವಿ ಸರ್,” ಎಂದರು ಅಕ್ಕೋರು, ಶಾಲೆಯ ಹುಡುಗಿಯ ದನಿಯಲ್ಲಿ.

ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು. “ಕೈ ಹಾಕಬೇಕಿತ್ತು,” ಎಂದಷ್ಟೇ ಅಂದರು. “ಅದ್ಕಾ ಅಲ್ಲೇನು ಆ ಕಟ್ಟಳಿ ಮಾಡಿದ್ದು.” ಆಮೇಲೆ ಚಿತ್ರಗಳನ್ನು ಇಳಿಸಲು ಹೇಳಿದರು. “ನಿಮ್ಮವು ಎಲ್ಲಾ ಪೂರ್ತಿ ಮಾಡ್ರಿ. ಬೇಲಿ ಹಾಕ್ರಿ, ಗಿಡ ಹಚ್ರಿ, ಏನಿತ್ತೋ ಅದನ್ನ ಹಾಕ್ರಿ. ನಿಮ್ಮ ಕಣ್ಣು ನೆಟ್ಟಗದಾವ.” ಅವರ ಚಿತ್ರಗಳನ್ನು ಏನು ಮಾಡೋಣ ಎಂದು ಕೇಳಿದ್ದಕ್ಕೆ, “ಅವು ಹಂಗಾ ಇರ್ಲಿ. ಅಷ್ಟಾ ಕಂಡಿದ್ದು,” ಎಂದರು.

ಅಂದಿನಿಂದ ಔಷಧಿ ಶುರುವಾಯಿತು. ಬಾಟಲಿ ಖಾಲಿಯಾದಾಗ ತೊಳೆದು, ಒಣಗಿಸಿ, ಅದರಲ್ಲಿ ಅಗಸೆ ಎಣ್ಣೆ ತುಂಬಿ ನಮಗೆ ಒಬ್ಬೊಬ್ಬರಿಗೆ ಕೊಡುತ್ತಿದ್ದರು. “ಹನಿ ಹನಿ ಬೀಳ್ತೈತಿ, ಬಣ್ಣ ಕಲಸಾಕ ಚಲೋ,” ಎಂದು. ಅವರ ಕಣ್ಣು ಹೋದಂತೆಲ್ಲ ನಮ್ಮಲ್ಲಿ ಬಾಟಲಿಗಳು ಹೆಚ್ಚಾದವು. ಅದನ್ನು ಬೇಡವೆನ್ನುವ ದಾರಿ ನಮಗೆ ಹೊಳೆಯಲಿಲ್ಲ.

ಭಾನುವಾರದ ಸಭೆ ನಿಲ್ಲಲಿಲ್ಲ. ಚಿತ್ರ ತಂದವನು ಈಗ ಬಾಯಲ್ಲಿ ಹೇಳಬೇಕಿತ್ತು. ಮೇಷ್ಟ್ರು ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ, “ಅಂಚಿನಿಂದ ಶುರು ಮಾಡ್ರಿ,” ಅನ್ನುತ್ತಿದ್ದರು. “ಎಡಕ್ಕ ಏನೈತಿ? ಹುಣಸಿ ಗಿಡನೋ? ಅದರ ಆಚೆ? ಏನೂ ಇಲ್ಲಂದ್ರ ಹೆಂಗ, ಎಲ್ಲಾರ ಏನಾರ ಇರ್ತೈತಿ. ಹೋಗಿ ನೋಡ್ಕೊಂಡು ಬರ್ರಿ.” ನಾನು ಕೂಡ್ಲಿಗಿಯವರೆಗೆ ಮತ್ತೆ ಬಸ್ ಹತ್ತಿ ಹೋಗಿ, ಒಂದು ಗಿಡದ ಆಚೆ ಏನಿದೆ ಎಂದು ನೋಡಿ ಬಂದದ್ದುಂಟು. ಒಂದು ಮುರಿದ ನೀರಿನ ತೊಟ್ಟಿ ಇತ್ತು. ಬಂದು ಹೇಳಿದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

ಅವರ ಕಡೆಯ ಚಿತ್ರವೂ ಕೂಡ್ಲಿಗಿ ದಾರಿಯದೇ. ಆಗ ಅವರಲ್ಲಿ ಉಳಿದದ್ದು ಒಂದು ಬೊಗಸೆಯಷ್ಟು ನೋಟ. ನಾನು ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದೆ. ದೊಡ್ಡ ಬೋರ್ಡಿನ ನಡುವೆ ಅಂಗೈ ಅಗಲದ ಒಂದು ಹುಣಸೆ ಗಿಡ ಬಿಡಿಸಿದರು. ಎಲೆಎಲೆಯೂ ಇತ್ತು. ಸುತ್ತೆಲ್ಲ ಬಿಳಿ. ಗಿಡದ ಹಿಂದೆ ಊರಗಲದ ಬಂಡೆಗುಡ್ಡ ಬಿಸಿಲಿಗೆ ಹೊಳೆಯುತ್ತಿತ್ತು.

ಕುಂಚವನ್ನು ನನ್ನ ಕೈಗೆ ಕೊಟ್ಟು, “ಕೈ ಹಾಕ್ರಿ,” ಅಂದರು.

“ಎಲ್ಲಿ ಹಾಕ್ಲಿ ಸರ್?”

“ನನಗ ಕಾಣದ ಕಡೆ.”

ನಾನು ಬಿಳಿಯ ಮೇಲೆ, ಎಡತುದಿಯಿಂದ ಬಲತುದಿಯವರೆಗೆ, ಗುಡ್ಡದ ನೆತ್ತಿಯ ಗೆರೆಯನ್ನು ಒಂದೇ ಉಸಿರಿಗೆ ಎಳೆದೆ. ಗೆರೆ ಅಂಕುಡೊಂಕಾಯಿತು. ನಕ್ಷೆ ಬರೆಯುವವನ ಗೆರೆ ಅದಾಗಿರಲಿಲ್ಲ.

“ಏನ್ ಹಾಕಿದ್ರಿ?”

“ಗುಡ್ಡ ಸರ್.”

“ಐತೇನು ಅಲ್ಲಿ ಗುಡ್ಡ?”

“ಐತಿ ಸರ್. ದೊಡ್ಡದು.”

“ಹಂಗಾರ ಈ ಗಿಡ ಎಷ್ಟು ಸಣ್ಣದೋ ಮಾರಾಯಾ...” ಎಂದರು. ಮತ್ತೆ ಕುಂಚ ಕೇಳಲಿಲ್ಲ.

ಆಮೇಲಿನದೆಲ್ಲ ಇಳಿಜಾರು. ಫ್ಲೆಕ್ಸ್ ಬಂತು. ಬೋರ್ಡ್ ಪೇಂಟರ್ ಕುಂಚ ಬಿಟ್ಟು, ಅದೇ ಫ್ಲೆಕ್ಸುಗಳನ್ನು ಕಂಬಕ್ಕೆ ಕಟ್ಟುವ ಕೆಲಸ ಹಿಡಿದ. ಅಕ್ಕೋರಿಗೆ ದೂರದೂರಿಗೆ ವರ್ಗವಾಯಿತು. ಕೂಡ್ಲಿಗಿಯವರು ಬರುವುದು ನಿಂತಿತು. ಕೆಲವು ಭಾನುವಾರ ಮೇಷ್ಟ್ರು ಮತ್ತು ನಾನು ಇಬ್ಬರೇ. ನಾನು ಚಿತ್ರ ತಾರದ ದಿನ ಬಸ್ಸಿನ ಕಿಟಕಿಯಿಂದ ಕಂಡದ್ದನ್ನೇ ಅಂಚಿನಿಂದ ಶುರು ಮಾಡಿ ಹೇಳುತ್ತಿದ್ದೆ, ಅವರು ತಪ್ಪು ಹಿಡಿಯುತ್ತಿದ್ದರು. ಕೊನೆಗೆ ಆ ಬೊಗಸೆಯೂ ಸೋರಿಹೋಯಿತು. ಕತ್ತಲಾದ ಮೇಲೆ ಅವರು ಬಹಳ ವರ್ಷ ಇರಲಿಲ್ಲ. ಒಂದು ಬೇಸಿಗೆಯಲ್ಲಿ, ಜ್ವರ ಎಂದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋದಾಗ ಬೋರ್ಡ್ ಪೇಂಟರ್ ನನ್ನ ಪಕ್ಕದಲ್ಲಿ ನಿಂತಿದ್ದ. “ಈಗ ನಮಸ್ಕಾರ ಮಾಡಿದ್ರ ನೋಡ್ತಾರೇನ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ದೂರ ಹೋಗಿ ನಿಂತ. ಸಾಹುಕಾರರ ಮಗ ಕೋಣೆಯನ್ನು ಮತ್ತೆ ಚೀಲ ಒಟ್ಟಲು ತೆಗೆದುಕೊಂಡ. ಅವನಿಗೆ ಡ್ರಾಯಿಂಗ್ ಕೊನೆಗೂ ಬರಲಿಲ್ಲ.

ಚಿತ್ರಗಳನ್ನು ಹಂಚಿಕೊಂಡೆವು. ಹುಣಸೆ ಗಿಡ ನನ್ನ ಪಾಲಿಗೆ ಬಂತು. ಕಟ್ಟು ಹಾಕಿಸಲು ಒಯ್ದಾಗ ಅಂಗಡಿಯವನು, “ಸುತ್ತ ಖಾಲಿ ಐತಲ್ರಿ, ಕಟ್ ಮಾಡಿ ಸಣ್ಣ ಫ್ರೇಮ್ ಹಾಕ್ಲೇನು?” ಎಂದಿದ್ದ. ಬೇಡಪ್ಪಾ ಎಂದೆ. ಈಗ ನಡುಮನೆಯ ಗೋಡೆಯ ಮೇಲಿದೆ. ಬಂದವರು ನೋಡುತ್ತಾರೆ. ಗಿಡ ಅಷ್ಟು ಸಣ್ಣದಲ್ಲವೇ, ಬಹಳ ಜನರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಗುಡ್ಡ ಚೆನ್ನಾಗಿ ಬಂದಿದೆ ಎಂದು ಹೊಗಳುತ್ತಾರೆ. ಆ ಚಿತ್ರದಲ್ಲಿ ಮೇಷ್ಟ್ರು ನೋಡದೇ ಹೋದದ್ದು ಆ ಗುಡ್ಡವೊಂದೇ.

ಬಾಟಲಿಯನ್ನು ತಲೆಕೆಳಗು ಮಾಡಿ ಒತ್ತಿದೆ. ಎಣ್ಣೆ ಒಳಗೇ ಗಟ್ಟಿಯಾಗಿತ್ತು... ಹನಿ ಬೀಳಲಿಲ್ಲ. ಮುಚ್ಚಳ ಹಾಕಿ, ಇದ್ದ ಜಾಗದಲ್ಲೇ ಇಟ್ಟೆ.